ಬೆನಿಡಾರ್ಮ್‌ನಲ್ಲಿ ಕೂತು ನೋಡುವ ಚೆಲ್ಟನ್‌ಹ್ಯಾಮ್

2025ರ ಮಾರ್ಚಿನಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ರೇಸ್‌ಕೋರ್ಸಿನಲ್ಲಿ ಒಂದು ಪೈಂಟ್ ಗಿನ್ನೆಸ್ ಬಿಯರಿನ ಬೆಲೆ 7 ಪೌಂಡ್ 80 ಪೆನ್ಸ್. ನಮ್ಮ ದುಡ್ಡಿನಲ್ಲಿ ಒಂಬೈನೂರಕ್ಕೆ ಸ್ವಲ್ಪ ಕಮ್ಮಿ. ಬೇಲಿ ಹಾರುವ ಕುದುರೆಗಳಿಗೆ ಅಲ್ಲಿ ಪ್ರತಿ ಮಾರ್ಚಿನಲ್ಲಿ ನಡೆಯುವ ನಾಲ್ಕು ದಿನದ ರೇಸಿಗಿಂತ ದೊಡ್ಡ ಹಬ್ಬ ಇನ್ನೊಂದಿಲ್ಲ. ಗ್ಯಾಲಪಾಂ ದೆ ಶಾಂ ಎಂಬ ಕುದುರೆ ಹಬ್ಬದ ಮುಖ್ಯ ರೇಸಾದ ಗೋಲ್ಡ್ ಕಪ್ಪನ್ನು ಸತತ ಮೂರನೆಯ ಸಲ ಗೆಲ್ಲುತ್ತದೆಯೇ ಎಂದು ಜನ ಉಸಿರು ಬಿಗಿಹಿಡಿದಿದ್ದ ವಾರ ಅದು. ಅದು ಗೆಲ್ಲಲಿಲ್ಲ. ಆದರೆ ಆ ವಾರದ ಪತ್ರಿಕೆಗಳಲ್ಲಿ ಕುದುರೆಯ ಸೋಲಿನ ಪಕ್ಕದಲ್ಲೇ ಬಿಯರಿನ ಬೆಲೆಯೂ ಕೂತಿತ್ತು. ಒಂದು ಕ್ರೀಡೆಯ ಮಾತು ಬಂದಾಗ ಮೊದಲು ಲೋಟದ ಬೆಲೆ ನೆನಪಾಗುವಂತಾದರೆ ಎಲ್ಲೋ ಏನೋ ತಪ್ಪಿದೆ.

ನಾನು ಚೆಲ್ಟನ್‌ಹ್ಯಾಮಿಗೆ ಹೋದವನಲ್ಲ. ಗೋಲ್ಡ್ ಕಪ್ ಓಡುವುದು ಇಲ್ಲಿ ನಮಗೆ ರಾತ್ರಿ ಊಟದ ಹೊತ್ತು. ತಟ್ಟೆ ಕೈಯಲ್ಲಿ ಹಿಡಿದು ಪರದೆಯ ಮೇಲೆ ನೋಡಿದವನು. ನಾಚಿಕೆಪಟ್ಟುಕೊಳ್ಳಬೇಕಾದದ್ದೇನೂ ಇಲ್ಲ, ಯಾಕೆಂದರೆ ಇಂಗ್ಲೆಂಡಿನವರೇ ಈಗ ಹಾಗೆ ನೋಡುತ್ತಿದ್ದಾರೆ. ಹಬ್ಬದ ನಾಲ್ಕು ದಿನಕ್ಕೆ ಅಗ್ಗದ ವಿಮಾನ ಹತ್ತಿ ಸ್ಪೇನಿನ ಕಡಲತೀರದ ಬೆನಿಡಾರ್ಮ್‌ಗೆ ಹೋಗುವುದು, ಚಡ್ಡಿ ತೊಟ್ಟು ಪಬ್ಬಿನಲ್ಲಿ ಕೂರುವುದು, ದೊಡ್ಡ ಟೀವಿಯಲ್ಲಿ ಚೆಲ್ಟನ್‌ಹ್ಯಾಮ್ ಇರುವ ಗ್ಲಾಸ್ಟರ್‌ಶೈರಿನ ಕೆಸರಲ್ಲಿ ಓಡುವ ಕುದುರೆಗಳಿಗೆ ಕೂಗು ಹಾಕುವುದು. ಇದೊಂದು ವಾರ್ಷಿಕ ಪದ್ಧತಿಯೇ ಆಗಿಬಿಟ್ಟಿದೆ. ಲೆಕ್ಕವೂ ಸರಿಯಾಗಿದೆ. ಗೋಲ್ಡ್ ಕಪ್ ಓಡುವ ಶುಕ್ರವಾರ ಮೇಲ್ದರ್ಜೆಯ ಕ್ಲಬ್ ಎನ್‌ಕ್ಲೋಷರಿನ ಒಂದು ಟಿಕೆಟ್ಟೇ ನೂರು ಪೌಂಡು ದಾಟಿತ್ತು. ಅದರ ಮೇಲೆ ಹಬ್ಬದ ವಾರಕ್ಕೆಂದೇ ಜಿಗಿಯುವ ಹೋಟೆಲ್ ಬಾಡಿಗೆ, ಪಾರ್ಕಿಂಗು, ಊಟ, ಆ ಬಿಯರು. ಬೇರೆ ದೇಶಕ್ಕೆ ಹೋಗಿ ಬರುವುದೇ ಸೋವಿ ಎನಿಸಿದರೆ ಯಾರನ್ನು ದೂರುವುದು?

ಇಲ್ಲಿಯವರೆಗಿನದು ಸುಲಭದ ಕಥೆ: ದುರಾಸೆಯ ಆಡಳಿತ, ಓಡಿಹೋದ ಜನ. ಅಷ್ಟಕ್ಕೇ ಬಿಟ್ಟರೆ ಅನ್ಯಾಯವಾಗುತ್ತದೆ. ಚೆಲ್ಟನ್‌ಹ್ಯಾಮಿನ ನಿಜವಾದ ತೊಡಕು ಶುರುವಾಗಿದ್ದು ಜನ ಬಾರದೆ ಅಲ್ಲ, ಜನ ಹೆಚ್ಚಾಗಿ.

2022ರಲ್ಲಿ, ಕೋವಿಡ್ಡಿನ ನಂತರ ಗೇಟು ತೆರೆದ ಮೊದಲ ಹಬ್ಬಕ್ಕೆ ನಾಲ್ಕು ದಿನದಲ್ಲಿ 2,80,627 ಜನ ಬಂದರು. ಅದು ದಾಖಲೆ. ಬಂದವರು ಮನೆಗೆ ಕೊಂಡೊಯ್ದದ್ದು ಮಾತ್ರ ದಾಖಲೆಯ ಸಂತೋಷವನ್ನಲ್ಲ. ಬಾರಿನ ಮುಂದೆ ಕ್ಯೂ, ಶೌಚಾಲಯದ ಮುಂದೆ ಕ್ಯೂ, ಬೆಟ್ ಕಟ್ಟಲು ಕ್ಯೂ, ಕುದುರೆ ನೋಡಲು ಮುಂದಿನವನ ಟ್ವೀಡ್ ಕೋಟಿನ ಬೆನ್ನು. ಎರಡು ರೇಸುಗಳ ನಡುವೆ ಸಿಗುವುದು ಮೂವತ್ತೈದು ನಲವತ್ತು ನಿಮಿಷ. ಅಷ್ಟರಲ್ಲಿ ಪ್ಯಾಡಕ್ಕಿಗೆ ಹೋಗಿ ಕುದುರೆಯ ಮೈಕಟ್ಟು ನೋಡಬೇಕು, ಬುಕ್ಕಿಗಳ ಹಲಗೆಗಳ ಮುಂದೆ ಸುತ್ತಿ ದರ ಹೋಲಿಸಬೇಕು, ದುಡ್ಡು ಕಟ್ಟಬೇಕು, ಮೆಟ್ಟಿಲ ಮೇಲೆ ಜಾಗ ಹಿಡಿಯಬೇಕು. ರೇಸಿಗೆ ಹೋಗುವುದೆಂದರೆ ಈ ಓಡಾಟವೇ. ಓಡಾಡಲು ಆಗದಷ್ಟು ಜನ ತುಂಬಿದರೆ ಮೈದಾನದಲ್ಲಿದ್ದೂ ರೇಸಿನಲ್ಲಿ ಇಲ್ಲದ ಹಾಗೆ. ಕ್ರಿಕೆಟ್ ಸ್ಟೇಡಿಯಮ್ಮಿನಲ್ಲಿ ಕುರ್ಚಿ ಸಿಕ್ಕಿದರೆ ಸಾಕು, ದಿನ ಕಳೆಯುತ್ತದೆ. ರೇಸ್‌ಕೋರ್ಸಿಗೆ ಕುರ್ಚಿಗಿಂತ ಕಾಲು ಮುಖ್ಯ.

ಆದ್ದರಿಂದ 2023ರಿಂದ ದಿನಕ್ಕೆ 68,500 ಜನ ಎಂದು ಮಿತಿ ಹಾಕಿದರಲ್ಲ, ಅದು ಒಳ್ಳೆಯ ನಿರ್ಧಾರ. ಕೈಗೆ ಸಿಗುವ ಟಿಕೆಟ್ ದುಡ್ಡನ್ನು ಬಿಟ್ಟುಕೊಟ್ಟು ಬಂದವರಿಗೆ ಉಸಿರಾಡಲು ಜಾಗ ಮಾಡಿಕೊಟ್ಟ ಸಂಸ್ಥೆಯನ್ನು ಮೆಚ್ಚಬೇಕು. ಎಡವಿದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಮಿತಿ ಹಾಕಿದ್ದರಿಂದ ಜಾಗ ಅಪರೂಪವಾಯಿತು, ಅಪರೂಪವಾದ್ದಕ್ಕೆ ಬೆಲೆ ಜಾಸ್ತಿ ಎಂಬ ವ್ಯಾಪಾರಿ ತರ್ಕ ಹಿಂದೆಯೇ ಬಂತು. ಕೆಲವೇ ವರ್ಷದಲ್ಲಿ ಆ ತರ್ಕದ ಬುಡವೇ ಕುಸಿಯಿತು. 2023ರಲ್ಲಿ 2,40,603. 2024ರಲ್ಲಿ 2,29,999; ಆ ವರ್ಷ ಮಳೆಗೆ ಪಾರ್ಕಿಂಗಿನ ಹೊಲಗಳು ಗದ್ದೆಯಾಗಿ ಕಾರುಗಳು ಹೂತುಕೊಂಡಿದ್ದು ಬೇರೆ. 2025ರಲ್ಲಿ 2,18,839. ಮೂರು ವರ್ಷದಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚು ಜನ ಮಾಯ. 2025ರ ಬುಧವಾರ ಬಂದವರು 41,949 ಮಂದಿ, 1993ರಿಂದೀಚೆಗೆ ಆ ದಿನಕ್ಕೆ ಅಷ್ಟು ಕಡಿಮೆ ಜನ ಬಂದದ್ದಿಲ್ಲ.

ಈ 41,949ನ್ನು 68,500ರ ಪಕ್ಕದಲ್ಲಿಟ್ಟು ನೋಡಿ. ತಲೆಯ ಮೇಲೆ ಇಪ್ಪತ್ತಾರು ಸಾವಿರ ಜನರ ಜಾಗ ಖಾಲಿ ಇರುವಾಗ ಅಪರೂಪದ ಬೆಲೆ ಕೇಳುವುದಕ್ಕೆ ಅರ್ಥವೇನು? ತುಂಬಿದ ಬಸ್ಸಿನ ಕಂಡಕ್ಟರ್ ಗದರಿದರೆ ಸಹಿಸಬಹುದು, ಖಾಲಿ ಬಸ್ಸಿನವನು ಗದರಿದರೆ ಜನ ಇಳಿದು ನಡೆದುಕೊಂಡೇ ಹೋಗುತ್ತಾರೆ. ಆಮೇಲೆ ದಿನದ ಮಿತಿಯನ್ನು 66,000ಕ್ಕೆ ಇಳಿಸಿದರು. ಬುಧವಾರದ ಮಟ್ಟಿಗೆ ಅದು ಇಲ್ಲದ ಜಗಳಕ್ಕೆ ಮಾಡಿಕೊಂಡ ರಾಜಿ.

ಖಾಲಿ ಜಾಗ ಗಲ್ಲಾಪೆಟ್ಟಿಗೆಯನ್ನಷ್ಟೇ ಖಾಲಿ ಮಾಡುವುದಿಲ್ಲ. ಹಬ್ಬದ ಮೊದಲ ದಿನವಾದ ಮಂಗಳವಾರ ಮೊದಲ ರೇಸು ಶುರುವಾಗುವ ಕ್ಷಣ ಚೆಲ್ಟನ್‌ಹ್ಯಾಮಿನ ಜನಸ್ತೋಮ ಒಟ್ಟಿಗೆ ಒಂದು ಘರ್ಜನೆ ಹಾಕುತ್ತದೆ. ಟೇಪು ಮೇಲೇರಿತು, ಕುದುರೆಗಳು ಹೊರಟವು, ಸ್ಟ್ಯಾಂಡಿನಿಂದ ಆ ಸದ್ದು ಎದ್ದಿತು. ಕ್ಲೀವ್ ಬೆಟ್ಟದ ಕಡೆಗೆ ಅದು ಉರುಳುವುದನ್ನು ಟೀವಿಯ ಸ್ಪೀಕರಿನಲ್ಲಿ ಕೇಳಿದರೂ ರೋಮ ನಿಲ್ಲುತ್ತದೆ. ಆ ಸದ್ದಿಗೆ ಸಂಬಳ ಪಡೆಯುವವರಿಲ್ಲ. ದುಡ್ಡು ಕೊಟ್ಟು ಬಂದವರೇ ತಯಾರಿಸಿ, ದುಡ್ಡು ಕೊಟ್ಟು ಬಂದ ಇನ್ನೊಬ್ಬರಿಗೆ ಕೊಡುವ ಸರಕು ಅದು. ಅಂದರೆ ಇಲ್ಲಿ ಜನ ಬರೀ ಗಿರಾಕಿಗಳಲ್ಲ, ಅರ್ಧ ಕಲಾವಿದರು. ಹಳ್ಳಿಯ ಬಯಲಾಟದಲ್ಲಿ ಮುಂದೆ ಕೂತು ಹೋ ಎನ್ನುವವರಿಲ್ಲದಿದ್ದರೆ ಭೀಮನ ಪಾರ್ಟೂ ಸಪ್ಪೆಯೇ.

ಜನ ಕಡಿಮೆಯಾಗಲು ಬೆಲೆಯೊಂದೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. 2005ರಲ್ಲಿ ಮೂರು ದಿನದ ಹಬ್ಬವನ್ನು ನಾಲ್ಕಕ್ಕೆ ಎಳೆದರು. ಸಾರು ಅಷ್ಟೇ, ನೀರು ಜಾಸ್ತಿ. ಐರ್ಲೆಂಡಿನ ತರಬೇತುದಾರ ವಿಲ್ಲಿ ಮಲಿನ್ಸ್ ಈ ಒಂದೇ ಹಬ್ಬದಲ್ಲಿ ನೂರಕ್ಕೂ ಹೆಚ್ಚು ರೇಸು ಗೆದ್ದಿದ್ದಾರೆ. ಯಾರ ಲಾಯದ ಕುದುರೆ ಗೆಲ್ಲುತ್ತದೆಂದು ಮೊದಲೇ ಗೊತ್ತಿರುವ ಮಧ್ಯಾಹ್ನಗಳಿಗೆ ನೂರು ಪೌಂಡು ಕೊಡುವುದು ಭಕ್ತಿಯಿದ್ದರೆ ಮಾತ್ರ ಸಾಧ್ಯ.

ಆದರೂ ಗೇಟಿನ ಬೆಲೆಯ ಗುಟ್ಟು ಗೇಟಿನಲ್ಲಿಲ್ಲ. ಅದು ಬೆಟ್ಟಿಂಗ್ ದುಡ್ಡು ಎಲ್ಲಿಗೆ ಹರಿಯುತ್ತದೆ ಎಂಬುದರಲ್ಲಿದೆ. ಬ್ರಿಟನ್ನಿನಲ್ಲಿ 1961ರವರೆಗೆ ನಗದು ದುಡ್ಡಿನಲ್ಲಿ ಕಾನೂನುಬದ್ಧವಾಗಿ ಬೆಟ್ ಕಟ್ಟಬೇಕಿದ್ದರೆ ರೇಸ್‌ಕೋರ್ಸಿಗೇ ಹೋಗಬೇಕಿತ್ತು. ಆ ವರ್ಷ ಬೀದಿಬೀದಿಯಲ್ಲಿ ಬೆಟ್ಟಿಂಗ್ ಅಂಗಡಿಗಳು ತೆರೆದವು. ಜೂಜಿನ ದುಡ್ಡು ಮೈದಾನ ಬಿಟ್ಟು ಬುಕ್ಕಿ ಕಂಪನಿಗಳ ಕಡೆ ಹೋಯಿತು, ಈಗ ಫೋನಿನೊಳಗೆ ಹೋಗಿದೆ. ರೇಸಿಂಗಿಗೆ ಸಿಗುವುದು ಬುಕ್ಕಿಗಳ ಲಾಭದಿಂದ ಶೇ 10ರಷ್ಟು ಲೆವಿ, ಜೊತೆಗೆ ಪ್ರಸಾರದ ಹಕ್ಕಿನ ದುಡ್ಡು. ಉಳಿದದ್ದನ್ನು ಬಂದವರ ಜೇಬಿನಿಂದಲೇ ತೆಗೆಯಬೇಕು. ಹಾಗಾಗಿ ಟಿಕೆಟ್, ಹಾಗಾಗಿ 7 ಪೌಂಡ್ 80.

ಜಪಾನಿನಲ್ಲಿ ಇದು ತಲೆಕೆಳಗು. ಅಲ್ಲಿ ಖಾಸಗಿ ಬುಕ್ಕಿಗಳಿಗೆ ಜಾಗವಿಲ್ಲ. ಎಲ್ಲರ ಬೆಟ್ಟೂ ಒಂದೇ ರಾಶಿಗೆ ಸೇರುವ ಟೋಟಿನ ದುಡ್ಡಿನ ಕಾಲುಭಾಗದಷ್ಟು ರೇಸಿಂಗ್ ಸಂಘಕ್ಕೂ ಸರ್ಕಾರಕ್ಕೂ ಹೋಗುತ್ತದೆ. ಅದಕ್ಕೇ ಟೋಕಿಯೊ ರೇಸ್‌ಕೋರ್ಸಿಗೆ ಸಾಮಾನ್ಯ ದಿನದ ಪ್ರವೇಶ 200 ಯೆನ್, ಒಂದು ಕಾಫಿಗಿಂತ ಕಡಿಮೆ. ಹಾಂಗ್‌ಕಾಂಗಿನಲ್ಲಿ 10 ಡಾಲರ್, ಅದೂ ಅಲ್ಲಿನ ಡಾಲರ್. ಒಳಗೆ ಬನ್ನಿ, ಬೆಟ್ ಕಟ್ಟಿ ಎನ್ನುವ ಲೆಕ್ಕ. ಅಗ್ಗದ ಗೇಟಿಗೆ ಅದರದೇ ಸಂಕಟವಿದೆ. 1990ರ ಜಪಾನ್ ಡರ್ಬಿಗೆ ಟೋಕಿಯೊ ಮೈದಾನದಲ್ಲಿ ಸೇರಿದವರು 1,96,517 ಜನ. ಐನೆಸ್ ಫುಜಿನ್ ಗೆದ್ದು ಮರಳುವಾಗ ಅಷ್ಟೂ ಜನ ಜಾಕಿ ನಕಾನೊನ ಹೆಸರು ಹಿಡಿದು ಕೂಗಿದ್ದನ್ನು ಜಪಾನೀಯರು ಇವತ್ತಿಗೂ ನೆನೆಯುತ್ತಾರೆ. ಆ ಕೂಗಿನ ಹಿಂದೆ ಗೇಟು ತೆರೆದೊಡನೆ ಜೀವದ ಹಂಗು ಬಿಟ್ಟು ಓಡುವ ಪದ್ಧತಿ ಇತ್ತು, ನೆಲದ ಮೇಲೆ ದಿನಪತ್ರಿಕೆ ಹಾಸಿ ಜಾಗ ಹಿಡಿಯುವ ಪದ್ಧತಿ ಇತ್ತು. ನಮ್ಮ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆಯುವುದರ ಅಣ್ಣತಮ್ಮ. ಈಗ ಡರ್ಬಿಯಂಥ ದಿನಗಳಿಗೆ ಟಿಕೆಟ್ ಮುಂಗಡ ತೆಗೆದುಕೊಳ್ಳಬೇಕು. ಜನಸಂದಣಿಯನ್ನು ಇಳಿಸಲು ಬೆಲೆ ಏರಿಸಬೇಕಾಗಿಲ್ಲ, ಸಂಖ್ಯೆ ಎಣಿಸಿದರೆ ಸಾಕು ಎಂಬುದಕ್ಕೆ ಟೋಕಿಯೊ ಸಾಕ್ಷಿ.

ಹಾಗಾದರೆ ಪುಕ್ಕಟೆ ಮಾಡಿಬಿಟ್ಟರೆ? ಇಲ್ಲಿ ನನ್ನ ವಾದಕ್ಕೆ ಅಡ್ಡ ಬರುವುದು ಇಂಗ್ಲೆಂಡಿನ ಡರ್ಬಿ ಓಡುವ ಎಪ್ಸಮ್.

ವಿಲಿಯಂ ಫ್ರಿತ್ ಎಂಬ ಚಿತ್ರಕಾರ ಬರೆದ ಎಪ್ಸಮ್ಮಿನ ಡರ್ಬಿ ದಿನದ ಚಿತ್ರವೊಂದು ಲಂಡನ್ನಿನಲ್ಲಿದೆ. 1858ರಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ ನೋಡಲು ಮುಗಿಬಿದ್ದ ಜನರಿಂದ ಚಿತ್ರವನ್ನು ಕಾಪಾಡಲು ಅದರ ಮುಂದೆ ಕಟಕಟೆ ಹಾಕಬೇಕಾಯಿತು. ಜನಸಂದಣಿಯ ಚಿತ್ರಕ್ಕೇ ಜನಸಂದಣಿ. ರೇಸಿನ ಚಿತ್ರವೆಂದು ಹತ್ತಿರ ಹೋದರೆ ಕುದುರೆ ಹುಡುಕಬೇಕು, ಅವು ದೂರದಲ್ಲಿ ಗೆರೆಗಳ ಹಾಗಿವೆ. ಎದುರಿಗಿರುವುದು ಬಟ್ಟಲ ಕೆಳಗೆ ಕಾಳು ಮುಚ್ಚಿ ಮೋಸ ಮಾಡುವವನ ಮೇಜು, ಜೇಬು ಬರಿದಾಗಿ ನಿಂತ ಪಟ್ಟಣದ ಹುಡುಗ, ಗಾಡಿಯಲ್ಲಿ ಕೂತ ಶ್ರೀಮಂತರು. ನಟ್ಟನಡುವೆ ಬಿಳಿಯ ಉಡುಪಿನ ದೊಂಬರ ಹುಡುಗ. ಅಪ್ಪ ಕೈಚಾಚಿ ಆಟಕ್ಕೆ ಕರೆಯುತ್ತಿದ್ದರೆ ಆ ಹಸಿದ ಹುಡುಗ ಹಿಂದೆ ತಿರುಗಿ ಯಾರೋ ಬಿಚ್ಚಿಡುತ್ತಿರುವ ಊಟದ ಕಡೆ ನೋಡುತ್ತಿದ್ದಾನೆ. ಎಷ್ಟು ಸಲ ನೋಡಿದರೂ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ಆ ಕಾಲಕ್ಕೆ ಡರ್ಬಿಗೆಂದು ಪಾರ್ಲಿಮೆಂಟು ಕಲಾಪ ಮುಂದೂಡುತ್ತಿತ್ತು.

ಎಪ್ಸಮ್ಮಿನ ಹುಲ್ಲುಗುಡ್ಡ ಇವತ್ತಿಗೂ ನಡೆದು ಬರುವವರಿಗೆ ಪುಕ್ಕಟೆ. ಆದರೂ ಗುಡ್ಡದಲ್ಲಿ ಹಿಂದಿನ ಜಾತ್ರೆಯಿಲ್ಲ, ಟಿಕೆಟ್ಟಿನ ಸ್ಟ್ಯಾಂಡುಗಳಿಗೆ 2025ರ ಡರ್ಬಿ ದಿನ ಬಂದವರು 22 ಸಾವಿರ ಚಿಲ್ಲರೆ. 1995ರಲ್ಲಿ ಡರ್ಬಿಯನ್ನು ಬುಧವಾರದಿಂದ ಶನಿವಾರಕ್ಕೆ ಬದಲಾಯಿಸಿದ್ದು ಜನ ಹೆಚ್ಚಲೆಂದೇ. ಆದದ್ದು ಬೇರೆ. ಕೆಲಸಕ್ಕೆ ಚಕ್ಕರ್ ಹೊಡೆದು ಹೋಗುವ ದಿನ ಕೈತಪ್ಪಿ, ನೂರು ಮನರಂಜನೆಗಳಿರುವ ರಜಾದಿನದಲ್ಲಿ ಅದೂ ಒಂದಾಯಿತು. ಬಿಟ್ಟಿ ಎಂದಮಾತ್ರಕ್ಕೆ ಜನ ಬರುವುದಿಲ್ಲ. ಹೋಗುವ ರೂಢಿ ಒಮ್ಮೆ ತಪ್ಪಿದರೆ ಗೇಟು ತೆಗೆದಿಟ್ಟರೂ ತಪ್ಪಿದ್ದೇ. ಚೆಲ್ಟನ್‌ಹ್ಯಾಮಿನವರು ಹೆದರಬೇಕಾದದ್ದು ಇದಕ್ಕೆ. ಬೆನಿಡಾರ್ಮ್‌ಗೆ ಒಂದು ವರ್ಷ ಹೋದವನು ದರಕ್ಕೆ ಹೆದರಿ ಹೋದ. ಐದನೆಯ ವರ್ಷ ಹೋಗುವವನು ರೂಢಿಯಿಂದ ಹೋಗುತ್ತಾನೆ. ಅವನನ್ನು ಬಿಯರಿನ ರಿಯಾಯಿತಿ ಕರೆದುತರಲಾರದು.

ನಮ್ಮಲ್ಲಿ ಗೇಟು ಯಾವತ್ತೂ ತೊಂದರೆ ಕೊಟ್ಟಿಲ್ಲ, ಬೆಟ್ ಕಟ್ಟುವ ಕಿಟಕಿ ಕೊಡುತ್ತಿದೆ. ಬೆಂಗಳೂರು, ಮೈಸೂರಿನ ರೇಸ್ ಕ್ಲಬ್ಬುಗಳ ಮೊಕದ್ದಮೆಯಲ್ಲಿ 2021ರಲ್ಲಿ ಕರ್ನಾಟಕ ಹೈಕೋರ್ಟು, ಜಿಎಸ್‌ಟಿ ಹಾಕುವುದಾದರೆ ಕ್ಲಬ್ಬಿನ ಕಮಿಷನ್ನಿನ ಮೇಲೆ ಹಾಕಿ, ಬೆಟ್ಟಿನ ಪೂರ್ತಿ ಮೊತ್ತದ ಮೇಲಲ್ಲ ಎಂದಿತ್ತು. 2023ರ ಅಕ್ಟೋಬರಿನಿಂದ ಕಾನೂನೇ ಬದಲಾಗಿ ಪೂರ್ತಿ ಮೊತ್ತದ ಮೇಲೆ ಶೇ 28 ಆಯಿತು, 2025ರ ಸೆಪ್ಟೆಂಬರ್ 22ರಿಂದ ಶೇ 40. ನನ್ನ ಪರಿಚಯದ ಹಿರಿಯರೊಬ್ಬರು ಸುಮಾರು ಮೂವತ್ತು ವರ್ಷ ವಾರಾಂತ್ಯ ತಪ್ಪಿಸದೆ ರೇಸಿಗೆ ಹೋದವರು. ರೇಸ್ ಬುಕ್ಕನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಹೊರಟರೆ ಮನೆಯವರು ಹಿಂದಿನಿಂದ ಕರೆಯುವ ಹಾಗಿರಲಿಲ್ಲ. ಈಗ ವರಾಂಡದಲ್ಲಿ ಕೂತಿರುತ್ತಾರೆ. ಯಾಕೆ ಹೋಗುವುದಿಲ್ಲ ಎಂದು ಕೇಳಿದ್ದಕ್ಕೆ ಹಳೆಯ ರೇಸ್ ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ತೋರಿಸಿದರು: ಬೆಟ್ಟು ನೂರು, ತೆರಿಗೆ ನಲವತ್ತು. ಫೇವರಿಟ್‌ಗೆ ದರ ಐದಕ್ಕೆ ಎರಡು. ಗೆದ್ದರೆ ಕೈಗೆ ನೂರ ನಲವತ್ತು. ಕೆಳಗೆ ಗೆರೆ ಎಳೆದು ಒಂದು ಸೊನ್ನೆ ಸುತ್ತಿದರು, ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡರು.