ಕೆಂಪು ಬಾಣ ಮತ್ತು ಕಾಯಿ ಅಟ್ಟ

‘ಸುಸ್ಥಿರ ಕಟ್ಟಡ’ ಎಂಬ ಮಾತಿಗೆ ನಮ್ಮ ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ಈಗ ಭಾರಿ ಮರ್ಯಾದೆ. ಥೀಸಿಸ್ಸಿನಲ್ಲಿ ಮಣ್ಣಿನ ಬ್ಲಾಕು, ನಡುವೆ ತೊಟ್ಟಿ, ಮೇಲೆ ಹೆಂಚು ಇದ್ದರೆ ಜ್ಯೂರಿಯ ಮುಖ ಅರಳುತ್ತದೆ. ಲಾರಿ ಬೇಕರ್, ಆರೋವಿಲ್, ಹಸಿರು ಕಟ್ಟಡಗಳಿಗೆ ‘ಗೃಹ’ ಕೊಡುವ ನಕ್ಷತ್ರಗಳು ಓದುಗರಿಗೆ ಗೊತ್ತಿರುವಂಥವೇ. ಈ ಮರ್ಯಾದೆ ಅತಿಯಾಯಿತು ಎಂಬುದು ನನ್ನ ತಕರಾರು. ಅದಕ್ಕೆ ಒಂದೇ ಹಾಳೆ ಸಾಕು.

ಹಾಲ್ಕುರಿಕೆ ಕಡೆಯ ತೋಟದ ಮನೆಯೊಂದಕ್ಕೆ ವಿದ್ಯಾರ್ಥಿನಿಯೊಬ್ಬಳು ಬರೆದ ಸೆಕ್ಷನ್, ಅಂದರೆ ಸೀಳುನೋಟ, ಅದು. ಕೈಬರಹದ ಗೆರೆ ಚೆಂದ. ಹಿನ್ನೆಲೆಯ ತೆಂಗಿನ ಮರಗಳಂತೂ ಗರಿಗರಿಯಾಗಿ ಮೂಡಿವೆ. ಜಗಲಿಯಿಂದ ನೀಲಿ ಬಾಣವೊಂದು ಒಳಗೆ ಬರುತ್ತದೆ, ಅದು ತಂಗಾಳಿ. ನಡುಮನೆ ದಾಟುವಷ್ಟರಲ್ಲಿ ಕೆಂಪಾಗಿ ಮೇಲೇರುತ್ತದೆ. ಹೆಂಚಿನ ಕೆಳಗಿನ ಖಾಲಿ ಎತ್ತರದಲ್ಲಿ ಸುಳಿದು, ಮಾಡಿನ ನೆತ್ತಿಯ ಕಿಂಡಿಯಿಂದ ಹೊರಗೆ. ಮನೆ ತಂಪು, ಪಾಠ ಮುಗಿಯಿತು.

ಆ ಖಾಲಿ ಎತ್ತರಕ್ಕೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟ ಅನ್ನುತ್ತಾರೆ. ಅದು ಖಾಲಿ ಇರುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಎಂಟು ತಿಂಗಳಿಂದ ವರ್ಷದವರೆಗೆ ಅಲ್ಲೇ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಸುಲಿದು ಒಡೆದರೆ ಉಂಡೆ ಕೊಬ್ಬರಿ. ತಿಪಟೂರಿನ ಮಾರುಕಟ್ಟೆ ನಿಂತಿರುವುದು ಆ ಗಡಗಡದ ಮೇಲೆ. ಅದಕ್ಕೆ ಹದವಾದ ಶಾಖ ಬೇಕು, ಕೆಳಗಿಂದ ಗಾಳಿ ಬೇಕು, ಮಳೆ ಸೋಕಬಾರದು. ಹಳೆಯ ಮನೆಯಲ್ಲಿ ಒಲೆಯ ಬಿಸಿ ಅಟ್ಟದ ಸಂದಿಗಳಲ್ಲಿ ಮೇಲೇರಿ, ಕಾಯಿಗಳ ನಡುವೆ ನುಸುಳಿ, ತೇವ ಹೊತ್ತು ಹೆಂಚಿನ ಸೆರೆಗಳಲ್ಲಿ ಹೊರಗೆ ಹೋಗುತ್ತಿತ್ತು. ಹಾಳೆಯ ಮೇಲೂ ಬಿಸಿಗಾಳಿ ಹೊರಗೆ ಹೋಗುತ್ತದೆ, ನಿಜ. ಆದರೆ ದಾರಿಯಲ್ಲಿ ಮಾಡಬೇಕಾದ ಕೆಲಸ ಮಾಡದೆ ಹೋಗುತ್ತದೆ. ಹುಡುಗಿ ಕಸವೆಂದು ಹೊರಹಾಕಿದ ಶಾಖವೇ ಆ ಮನೆಯ ದುಡಿಮೆ.

ಭಾರದ ಲೆಕ್ಕ ಇನ್ನೂ ಕಷ್ಟದ್ದು. ಸಿಪ್ಪೆ ಇರುವ ಬಲಿತ ಕಾಯಿ ಹೆಚ್ಚುಕಡಿಮೆ ಒಂದು ಕೆಜಿ. 5,000 ಕಾಯಿ ಏರಿಸಿದ ದಿನ ಅಟ್ಟದ ಮೇಲೆ ಐದು ಟನ್. ಯಾವ ತೊಲೆ ಹೊರಬೇಕು, ಯಾವ ಗೋಡೆಗೆ ಇಳಿಯಬೇಕು? ಈ ಪ್ರಶ್ನೆ ಕೇಳಿದ್ದರೆ ಗೋಡೆಯ ದಪ್ಪ, ಕಿಟಕಿಯ ಅಗಲ, ತೊಟ್ಟಿಯ ಜಾಗ ಎಲ್ಲವೂ ಬದಲಾಗುತ್ತಿದ್ದವು. ಕೇಳದ ಕಾರಣ ಕಾಯಿ ಹಿತ್ತಲಿಗೆ ಹೋಗುತ್ತದೆ, ಅಲ್ಲೊಂದು ಕಬ್ಬಿಣದ ಕಂಬ, ಸಿಮೆಂಟ್ ನೆಲ, ತಗಡು ಶೀಟಿನ ಶೆಡ್ಡು ಏಳುತ್ತದೆ. ಆ ಶೆಡ್ಡು ಹಾಳೆಯಲ್ಲಿಲ್ಲ. ಹಾಗಾಗಿ ಅದರ ಸಿಮೆಂಟು ‘ಸಿಮೆಂಟ್ ಉಳಿತಾಯ’ದ ಪಟ್ಟಿಯಲ್ಲೂ ಇಲ್ಲ.

ಇಷ್ಟು ಹೇಳಿದ ಕೂಡಲೇ ಅಜ್ಜಿಮನೆ ಪಂಥದ ವಿಮರ್ಶಕರು ನನ್ನನ್ನು ತಮ್ಮ ಪಂಕ್ತಿಗೆ ಕೂರಿಸಿಕೊಳ್ಳುತ್ತಾರೆ: ನೋಡಿ, ಹಳಬರಿಗೆ ಎಲ್ಲ ಗೊತ್ತಿತ್ತು! ಆ ಪಂಕ್ತಿಯಲ್ಲಿ ನಾನು ಊಟಕ್ಕೆ ಕೂರಲಾರೆ. ಆ ಒಲೆಯ ಹೊಗೆ ಕಾಯಿಗೆ ತಲುಪುವ ಮೊದಲು ಅಜ್ಜಿಯ ಎದೆಗೆ ತಲುಪುತ್ತಿತ್ತು. ನೆಲ ಸಾರಿಸುತ್ತಿದ್ದವಳು, ಮಳೆಗಾಲ ಮುಗಿದ ಮೇಲೆ ಗೋಡೆ ಮೆತ್ತುತ್ತಿದ್ದವಳು ಅವಳೇ. ಜಂತೆಗೆ ಗೆದ್ದಲು ಹತ್ತಿದರೆ ನಿದ್ದೆ ಕೆಡುತ್ತಿದ್ದವಳೂ ಅವಳೇ. ಕೊಬ್ಬರಿಗೆ ಒಳ್ಳೆ ರೇಟು ಬಂದ ವರ್ಷ ಅವಳ ಮಗ ಮೋಲ್ಡ್ ಹಾಕಿಸಿದ್ದನ್ನು ಷೋಕಿ ಎಂದು ಬರೆಯುವವರು ಒಮ್ಮೆಯಾದರೂ ಸಗಣಿ ಬುಟ್ಟಿ ಮುಟ್ಟಿರಬೇಕು.

ಇನ್ನೊಂದು ಕಡೆ, ಇದೆಲ್ಲ ಫ್ಯಾಷನ್ ಎಂದು ತಳ್ಳಿಹಾಕುವ ಸಿವಿಲ್ ಮೇಷ್ಟ್ರುಗಳು. ಅವರಿಗೆ ತಿಪಟೂರು ಸೇರಿದ ಇದೇ ತುಮಕೂರು ಜಿಲ್ಲೆಯಲ್ಲಿ ಉತ್ತರ ಇದೆ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಕಟ್ಟಿದರು; ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರವಿತ್ತು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ನೂರಕ್ಕೆ ಕೆಲವೇ ಪಾಲು ಸಿಮೆಂಟು ಬೆರೆಸಿ, ಒತ್ತಿ, ಸುಡದೆ ಬ್ಲಾಕು ಮಾಡುವ ಕ್ರಮವನ್ನು ಬೆಳೆಸಿದರು. ಗೂಡಿನ ಸೌದೆ ಉಳಿಯಿತು. ಅಲ್ಲಿದ್ದದ್ದು ಹಳ್ಳಿಯ ಹಂಬಲವಲ್ಲ, ತಾಳ್ಮೆಯ ಪರೀಕ್ಷೆ: ಈ ಮಣ್ಣಿನಲ್ಲಿ ಮರಳೆಷ್ಟು, ಜೇಡಿಯೆಷ್ಟು, ನೆನೆದ ಬ್ಲಾಕು ಎಷ್ಟು ಭಾರಕ್ಕೆ ಪುಡಿಯಾಗುತ್ತದೆ? ವಿದ್ಯಾರ್ಥಿಗಳು ಬ್ಲಾಕನ್ನು ತೆಗೆದುಕೊಂಡರು, ಪ್ರಶ್ನೆಗಳನ್ನು ಉಂಗ್ರದಲ್ಲೇ ಬಿಟ್ಟರು. ನಾನು ನೋಡಿದ ಹಾಳೆಯಲ್ಲಿ ಬೇಕರ್ ಹೆಸರು ಮೂರು ಸಲ ಇದೆ, ಉಂಗ್ರದ್ದು ಒಮ್ಮೆಯೂ ಇಲ್ಲ.

ಈ ಮಕ್ಕಳ ಕಣ್ಣಿಗೆ ಸುಸ್ಥಿರ ಮನೆ ಎಂದರೆ ಭೂಮಿಗೆ ತೊಂದರೆ ಕೊಡದೆ ತೆಪ್ಪಗಿರುವ ಮನೆ. ಒಳಗಿನವರು ಅಲ್ಲಿ ಏನು ಮಾಡಿ ಬದುಕುತ್ತಾರೆ ಎಂಬುದು ಸೆಕ್ಷನ್ನಿನ ಆಚೆಗಿನ ಮಾತು. “ಕಾಯಿ ಎಲ್ಲಮ್ಮ?” ಎಂದು ಕೇಳಿದೆ. ಹುಡುಗಿ ಹಿನ್ನೆಲೆಯ ಮರಗಳ ಮೇಲೆ ಬೆರಳಿಟ್ಟಳು. ಗೊನೆ ಗೊನೆಯಾಗಿ ಬರೆದಿದ್ದಳು, ಎಲ್ಲವೂ ಎಳನೀರು.