ಎರಡು ಕಿಲೋಬೈಟಿನ ಸಂಸಾರ

ನಾಳೆ ಮಳೆ ಬಂದೀತೇ ಎಂಬುದನ್ನು ಅರಿಯಲು ಜೇಬಿನಲ್ಲಿರುವ ಫೋನೇ ಸಾಕಾಗಿರುವ ಈ ಕಾಲದಲ್ಲಿ, ಅದೇ ವಾರ್ತೆಯನ್ನು ಅಂಗೈಗಿಂತ ಕಿರಿದಾದ ಮೈಕ್ರೊಕಂಟ್ರೋಲರ್ ಬೋರ್ಡೊಂದರ ಮುಖಾಂತರ ತರಿಸಿಕೊಳ್ಳುವುದಕ್ಕಾಗಿ ಸಂಜೆಗಳನ್ನು ವ್ಯಯಮಾಡುವ ಹವ್ಯಾಸಿಗಳನ್ನು ಕಂಡು ಲೋಕವು ನಗುವುದಾದರೆ, ಆ ನಗೆಯನ್ನು ಅನ್ಯಾಯವೆಂದು ತಳ್ಳಿಹಾಕುವಂತಿಲ್ಲ. ಪ್ರಯೋಜನದ ದೃಷ್ಟಿಯಿಂದ ನೋಡಿದರೆ ಈ ಹವ್ಯಾಸಕ್ಕೆ ಸಮರ್ಥನೆ ದುರ್ಲಭ. ರಸದೃಷ್ಟಿಯ ಮಾತು ಬೇರೆ. ಫೋನಿನೊಳಗೆ ಪ್ರಶ್ನೆ ಯಾವುದು, ಉತ್ತರ ಯಾವುದು, ಇವೆರಡರ ನಡುವೆ ನಡೆದ ಉಪಚಾರದ ಮಾತುಗಳು ಯಾವುವು ಎಂಬುದೊಂದೂ ಬಳಸುವವನ ಕಣ್ಣಿಗೆ ಬೀಳದು. ಕೋಟಿಗಟ್ಟಲೆ ಬೈಟುಗಳ ಸ್ಮೃತಿಯುಳ್ಳ ಆ ಯಂತ್ರಕ್ಕೆ ದುಂದುಗಾರಿಕೆಯೇ ಸ್ವಭಾವ. ಕೇವಲ ಎರಡು ಕಿಲೋಬೈಟುಗಳನ್ನು ಕೈಯಲ್ಲಿ ಹಿಡಿದು ದೂರದೇಶದ ಸರ್ವರುಗಳನ್ನು ಮಾತನಾಡಿಸಹೊರಟ ಬೋರ್ಡಿಗಾದರೋ ಪ್ರತಿಯೊಂದು ಅಕ್ಷರಕ್ಕೂ ಲೆಕ್ಕ ಒಪ್ಪಿಸಬೇಕಾದ ಸ್ಥಿತಿ. ಆ ಲೆಕ್ಕದಲ್ಲಿಯೇ, ನನ್ನ ಮಟ್ಟಿಗೆ, ಈ ಹವ್ಯಾಸದ ಸ್ವಾರಸ್ಯವೆಲ್ಲ ಅಡಗಿದೆ.

ಎರಡು ಕಿಲೋಬೈಟು ಎಂದದ್ದು ಅಲಂಕಾರದ ಮಾತಲ್ಲ. ಇಟಲಿಯ ಇವ್ರೇಯಾ ಪಟ್ಟಣದ ವಿನ್ಯಾಸ ವಿದ್ಯಾಲಯದಲ್ಲಿ 2005ರಲ್ಲಿ ಜನ್ಮತಾಳಿ, ಆ ಊರಿನ ಪ್ರಾಚೀನ ರಾಜನೊಬ್ಬನ ಹೆಸರನ್ನು ಅಲ್ಲಿನ ಪಾನಗೃಹವೊಂದರ ಮೂಲಕ ಪಡೆದುಕೊಂಡ ಆರ್ಡುಯಿನೊ ಕುಲದಲ್ಲಿ ಅತ್ಯಂತ ಪ್ರಸಿದ್ಧವಾದ ಊನೊ ಬೋರ್ಡಿನ ಎಟಿಮೆಗಾ 328ಪಿ ಚಿಪ್ಪಿಗೆ ಇರುವ ರ‍್ಯಾಮ್ 2,048 ಬೈಟುಗಳು. ಪ್ರೋಗ್ರಾಮನ್ನು ಬರೆದಿಡಲು 32 ಕಿಲೋಬೈಟುಗಳ ಫ್ಲ್ಯಾಶ್. ವೇಗ 16 ಮೆಗಾಹರ್ಟ್ಸ್. ಜಾಲಕ್ಕೆ ಹೋಗುವ ದಾರಿ ಅದಕ್ಕೆ ಹುಟ್ಟಿನಿಂದ ಬಂದುದಲ್ಲ. ಮೊದಮೊದಲು ಅದರ ತಲೆಯ ಮೇಲೆ ಈಥರ್ನೆಟ್ ಶೀಲ್ಡ್ ಎಂಬ ಮತ್ತೊಂದು ಹಲಗೆಯನ್ನು ಕೂರಿಸಿ ತಂತಿಯನ್ನು ಚುಚ್ಚಬೇಕಾಗಿತ್ತು. 2014ರಲ್ಲಿ ಶಾಂಘೈ ನಗರದ ಎಸ್ಪ್ರೆಸಿಫ್ ಸಂಸ್ಥೆಯ ಇಎಸ್‌ಪಿ 8266 ಚಿಪ್ಪನ್ನು ಹೊತ್ತ ಪುಟ್ಟ ವೈಫೈ ತುಣುಕುಗಳು ಅಗ್ಗದ ಬೆಲೆಗೆ ದೊರೆಯತೊಡಗಿದ ಮೇಲೆ ತಂತಿಯ ಬಂಧನ ಕಳಚಿತು. ಈ ತುಣುಕಿಗೆ ಆಜ್ಞೆ ಕೊಡುವ ಭಾಷೆಯಾದರೂ ಹೊಸದಲ್ಲ; ಹೇಯ್ಸ್ ಕಂಪೆನಿ 1981ರಲ್ಲಿ ತನ್ನ ಟೆಲಿಫೋನ್ ಮೋಡೆಮಿಗೆಂದು ರೂಪಿಸಿದ, ‘ಎಟಿ’ ಎಂದು ಆರಂಭವಾಗುವ ಆಜ್ಞೆಗಳ ಸಂಪ್ರದಾಯವೇ ಅದು. ಇದರಲ್ಲೊಂದು ವಿನೋದವುಂಟು. 80 ಮೆಗಾಹರ್ಟ್ಸ್ ವೇಗದ 32 ಬಿಟ್ಟುಗಳ ಸಂಸ್ಕಾರಕವನ್ನು ಒಳಗಿರಿಸಿಕೊಂಡ ಈ ತುಣುಕು, ತನ್ನನ್ನು ಆಳುತ್ತಿದ್ದ ಊನೊವಿಗಿಂತ ಎಷ್ಟೋ ಬಲಿಷ್ಠವಾಗಿದ್ದಿತು. ಹವ್ಯಾಸಿಗಳು ಅದನ್ನು ಮನಗಂಡು ಒಡೆಯನನ್ನೇ ಬಿಟ್ಟು ಆಳಿಗೆ ನೇರವಾಗಿ ಪ್ರೋಗ್ರಾಮು ಬರೆಯಲಾರಂಭಿಸಿದರು. ಇಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಕೈಸೇರುವ ಬೋರ್ಡುಗಳಲ್ಲಿ ಅನೇಕವು ಈ ಚಿಪ್ಪಿನ, ಇಲ್ಲವೆ ಇದರ ಅನುಜನಾದ ಇಎಸ್‌ಪಿ 32ರ ಸಂತತಿ. ಆದರೂ ಊನೊವಿನಿಂದಲೇ ತೊಡಗುವುದು ಮೇಲೆಂಬುದು ನನ್ನ ಮತ. ಬಡತನದಲ್ಲಿ ಕಲಿತ ಮಿತವ್ಯಯ ಸಿರಿ ಬಂದ ಮೇಲೂ ಕೈಬಿಡದು.

ಪ್ರಶ್ನೆ ಕೇಳುವ ಕ್ರಮವನ್ನು ನೋಡೋಣ. ಟಿಮ್ ಬರ್ನರ್ಸ್-ಲೀ ಮಹಾಶಯರು 1991ರ ಸುಮಾರಿಗೆ ಜಿನೀವಾ ಬಳಿಯ ಸರ್ನ್ ಪ್ರಯೋಗಶಾಲೆಯಲ್ಲಿ ರೂಪಿಸಿದ, ಜಾಲಸಂಭಾಷಣೆಯ ಕಟ್ಟಳೆಯಾದ ಮೊದಲ ಎಚ್‌ಟಿಟಿಪಿಯಲ್ಲಿ ಪ್ರಶ್ನೆಯೆಂದರೆ ಒಂದೇ ಸಾಲು: ‘ಗೆಟ್’ ಎಂಬ ಕ್ರಿಯಾಪದ, ಅದರ ಮುಂದೆ ಬೇಕಾದ ಪುಟದ ವಿಳಾಸ. ಸರ್ವರು ಪುಟವನ್ನು ಓದಿ ಹೇಳಿ ಸಂಪರ್ಕವನ್ನು ಕಡಿದುಬಿಡುತ್ತಿತ್ತು. ಕಡಿದುದೇ ಮುಗಿಯಿತೆಂಬುದಕ್ಕೆ ಗುರುತು. ಆ ಸರಳ ಸೌಜನ್ಯವನ್ನು ನೆನೆದರೆ ಊನೊವಿನ ಸಂಗಾತಿಗಳಾದ ನಮಗೆ ಇಂದಿಗೂ ಮನಸ್ಸು ತುಂಬಿಬರುತ್ತದೆ. ಅನಂತರ ಒಂದೇ ಅಂಕಿವಿಳಾಸದಲ್ಲಿ ಹಲವು ಹೆಸರಿನ ತಾಣಗಳು ಒಕ್ಕಲಾಗತೊಡಗಿದ್ದರಿಂದ, ತಾನು ಯಾರನ್ನು ಕಾಣಬಂದಿರುವೆನೆಂಬುದನ್ನು ಪ್ರಶ್ನಿಸುವವನು ‘ಹೋಸ್ಟ್’ ಎಂಬ ಸಾಲಿನಲ್ಲಿ ಅರಿಕೆಮಾಡಿಕೊಳ್ಳತಕ್ಕದ್ದೆಂದು 1997ರ 1.1ನೆಯ ಆವೃತ್ತಿ ವಿಧಿಸಿತು. ಈ ಸಾಲುಗಳೆಲ್ಲ ಮುಗಿದ ಮೇಲೆ ಏನೂ ಬರೆಯದ ಒಂದು ಖಾಲಿ ಸಾಲನ್ನು ಕಳುಹಿಸಬೇಕು. ಅದನ್ನು ಮರೆತರೆ ಸರ್ವರು ಇನ್ನೂ ಏನೋ ಹೇಳುವುದಿದೆಯೆಂದು ಮರ್ಯಾದೆಯಿಂದ ಕಾಯುತ್ತದೆ. ಬೋರ್ಡು ಉತ್ತರ ಬಂದೀತೆಂದು ಕಾಯುತ್ತದೆ. ಎರಡೂ ಹೀಗೆ ಕಾಯುತ್ತ ಕಾಲಾವಧಿ ತೀರಿಹೋಗುವುದನ್ನು ಈ ಹವ್ಯಾಸಕ್ಕೆ ಕೈಯಿಟ್ಟವರೆಲ್ಲರೂ ಕಂಡಿರಲೇಬೇಕು.

1.1ನೆಯ ಆವೃತ್ತಿ ತಂದ ಮತ್ತೊಂದು ಪದ್ಧತಿಯೂ ಇದೆ. ಉತ್ತರದ ಒಟ್ಟು ಉದ್ದ ಮುಂಚಿತವಾಗಿ ಗೊತ್ತಿಲ್ಲದಿದ್ದಾಗ ಸರ್ವರು ಅದನ್ನು ತುಂಡುತುಂಡಾಗಿ ಕಳುಹಿಸಿ, ಪ್ರತಿಯೊಂದು ತುಂಡಿನ ತಲೆಯ ಮೇಲೆ ಅದರ ಉದ್ದವನ್ನು ಹದಿನಾರರ ಮಾನದ ಸಂಖ್ಯೆಯಲ್ಲಿ ಬರೆಯುತ್ತದೆ. ಇದನ್ನರಿಯದ ಪ್ರೋಗ್ರಾಮು ಉತ್ತರದ ನಟ್ಟನಡುವೆ ನುಸುಳಿದ ಆ ಸಂಖ್ಯೆಯನ್ನೂ ಉತ್ತರದ ಭಾಗವೆಂದೇ ಭ್ರಮಿಸಿ, ಇಪ್ಪತ್ತೇಳು ಡಿಗ್ರಿಯ ಉಷ್ಣತೆಯನ್ನು ಎರಡು ಡಿಗ್ರಿಯೆಂದು ಘೋಷಿಸಲೂ ಹಿಂಜರಿಯದು. ಬಲ್ಲವರು ಇದಕ್ಕೊಂದು ಉಪಾಯವನ್ನು ಕಂಡುಕೊಂಡಿದ್ದಾರೆ: ಪ್ರಶ್ನೆಯ ಮೊದಲ ಸಾಲಿನ ಕೊನೆಯಲ್ಲಿ 1.1 ಎನ್ನುವ ಬದಲು 1.0 ಎಂದು ಹೇಳಿಬಿಡುವುದು. ಹಳೆಯ ಮಾತಿನವನೊಡನೆ ತುಂಡುಮಾತು ಆಡಕೂಡದೆಂಬ ನಿಯಮಕ್ಕೆ ಸರ್ವರು ಕಟ್ಟುಬಿದ್ದು, ಉತ್ತರವನ್ನು ಅಖಂಡವಾಗಿ ಹೇಳಿ ಮುಗಿಸುತ್ತದೆ. ಸಿದ್ಧ ಲೈಬ್ರರಿಗಳನ್ನು ಬಳಸುವವರಿಗೆ ಈ ಚಮತ್ಕಾರದ ಅಗತ್ಯವೂ ಇಲ್ಲ, ಇದರ ಸುಖವೂ ಇಲ್ಲ.

ಉತ್ತರವನ್ನು ಓದುವುದಂತೂ ಬೇರೆಯೇ ಒಂದು ಕಲೆ. ಹವಾಮಾನ ತಿಳಿಸುವ ಸೇವೆಗಳು ಸಾಮಾನ್ಯವಾಗಿ ಜೇಸನ್ ಎಂಬ ರೂಪದಲ್ಲಿ, ಹೆಸರು ಮತ್ತು ಬೆಲೆಗಳ ಜೋಡಿಗಳಾಗಿ ಉತ್ತರ ಕೊಡುತ್ತವೆ. ವಾರದ ಮುನ್ಸೂಚನೆಯನ್ನು ಗಂಟೆಗಂಟೆಯ ಲೆಕ್ಕದಲ್ಲಿ ಕೇಳಿದರೆ ಆ ಉತ್ತರವೊಂದೇ ಊನೊವಿನ ಸ್ಮೃತಿಯನ್ನು ಮೀರಿ ಹರಿಯುತ್ತದೆ. ಮೊದಲು ಎಲ್ಲವನ್ನೂ ಸಂಗ್ರಹಿಸಿ ಆಮೇಲೆ ಹುಡುಕೋಣವೆಂಬುದು ಸಿರಿವಂತ ಯಂತ್ರಗಳ ರೀತಿ. ಜಗಲಿಯ ಮೇಲೆ ಕುಳಿತು ಜಾತ್ರೆಗೆ ಹೋಗುವ ಜನಸಂದಣಿಯಲ್ಲಿ ತನಗೆ ಬೇಕಾದ ಒಂದು ಮುಖಕ್ಕಾಗಿ ಮಾತ್ರ ಕಾದು, ಉಳಿದವರನ್ನೆಲ್ಲ ಹಾಗೆಯೇ ಹೋಗಗೊಡುವವನ ರೀತಿ ನಮ್ಮದು. ಅಕ್ಷರಗಳು ಒಂದೊಂದಾಗಿ ಬರುತ್ತಿರುವಂತೆ ಬೇಕಾದ ಹೆಸರು ಬಂದಿತೇ ಎಂದು ನೋಡುವುದು, ಬಂದೊಡನೆ ಅದರ ಮುಂದಿನ ಸಂಖ್ಯೆಯನ್ನು ಹಿಡಿಯುವುದು, ಮಿಕ್ಕಿದ್ದನ್ನು ಮರೆಯುವುದು. ಈಥರ್ನೆಟ್ ಶೀಲ್ಡಿನ ಡಬ್ಲ್ಯು 5100 ಚಿಪ್ಪಿಗೆ ತನ್ನದೇ ಆದ 16 ಕಿಲೋಬೈಟುಗಳ ಸ್ಮೃತಿಯಿರುವುದರಿಂದ ಬಂದ ಅಕ್ಷರಗಳು ಅಲ್ಲಿ ನೆಮ್ಮದಿಯಾಗಿ ಕಾದಿರಬಲ್ಲವು. ವೈಫೈ ತುಣುಕಿನಿಂದ ಸೀರಿಯಲ್ ಮಾರ್ಗವಾಗಿ ಬರುವಾಗ ಈ ಸೌಕರ್ಯವಿಲ್ಲ. ಊನೊವಿನ ಸೀರಿಯಲ್ ಬಫರಿನ ಅಳತೆ 64 ಬೈಟುಗಳು ಮಾತ್ರವಾದ್ದರಿಂದ, ಓದುವವನು ತುಸು ಮೈಮರೆತರೂ ಅಕ್ಷರಗಳು ನೆಲದ ಪಾಲು.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳದೆ ಮುಂದುವರಿಯಲಾರೆ. ಓಪನ್-ಮೀಟಿಯೊ ಎಂಬ ಸೇವೆ, ವಾಣಿಜ್ಯೇತರ ಬಳಕೆಗೆ ಕೀಲಿಯನ್ನೂ ನೋಂದಣಿಯನ್ನೂ ಕೇಳದೆ, ಅಕ್ಷಾಂಶ 12.97, ರೇಖಾಂಶ 77.59 ಎಂದರೆ ಬೆಂಗಳೂರಿನ ಈ ಹೊತ್ತಿನ ಉಷ್ಣತೆಯನ್ನು ತಿಳಿಸುತ್ತದೆ. ಅದರ ಉತ್ತರದಲ್ಲಿ ಉಷ್ಣತೆಯ ಹೆಸರು ಎರಡು ಬಾರಿ ಬರುತ್ತದೆ: ಮೊದಲು ‘ಕರೆಂಟ್ ಯೂನಿಟ್ಸ್’ ಎಂಬ ಗುಂಪಿನಲ್ಲಿ ಮಾನದ ಹೆಸರಾಗಿ, ಆಮೇಲೆ ‘ಕರೆಂಟ್’ ಎಂಬ ಗುಂಪಿನಲ್ಲಿ ನಿಜವಾದ ಬೆಲೆಯಾಗಿ. ಮೊದಲು ಕಂಡದ್ದನ್ನೇ ಹಿಡಿದವನಿಗೆ ಸೆಲ್ಸಿಯಸ್ ಚಿಹ್ನೆ ಸಿಗುವುದೇ ಹೊರತು ಸಂಖ್ಯೆ ಸಿಗದು. ಆದ್ದರಿಂದ ಉದ್ಧರಣ ಚಿಹ್ನೆಗಳೊಡನೆ, ಹಿಂದೆಯೇ ಬರುವ ವಿವರಣ ಚಿಹ್ನೆಯೊಡನೆ, ಕೇವಲ ‘ಕರೆಂಟ್’ ಎಂಬುದನ್ನು ಮೊದಲು ಕಾದು, ಅದು ದಾಟಿದ ಬಳಿಕವೇ ಉಷ್ಣತೆಯ ಹೆಸರನ್ನು ಅರಸಬೇಕು. ಮತ್ತೊಂದು ಮಾತು: ಪ್ರೋಗ್ರಾಮಿನಲ್ಲಿ ನಾವು ಬರೆದ ಪ್ರಶ್ನೆಯ ವಾಕ್ಯಗಳೂ, ಎಫ್ ಎಂಬ ಆವರಣದಲ್ಲಿ ಇರಿಸಿ ಫ್ಲ್ಯಾಶಿನಲ್ಲೇ ಉಳಿಯಬೇಕೆಂದು ಹೇಳದಿದ್ದರೆ, ಆರಂಭದಲ್ಲಿಯೇ ರ‍್ಯಾಮಿಗೆ ನಕಲಾಗಿ ಜಾಗ ಹಿಡಿದು ಕುಳಿತುಬಿಡುತ್ತವೆ. ಉತ್ತರಕ್ಕೆ ಸ್ಥಳವಿಲ್ಲವೆಂದು ಕೊರಗುವವರು ಎಷ್ಟೋ ವೇಳೆ ತಮ್ಮ ಪ್ರಶ್ನೆಯಿಂದಲೇ ಮನೆ ತುಂಬಿಕೊಂಡಿರುತ್ತಾರೆ.

ಇಷ್ಟೆಲ್ಲ ಬಹಿರಂಗ ಸಂಭಾಷಣೆಯ ಮಾತಾಯಿತು. ಇಂದಿನ ಸೇವೆಗಳಲ್ಲಿ ಹೆಚ್ಚಿನವು ಗೂಢಲಿಪೀಕರಿಸಿದ ಟಿಎಲ್‌ಎಸ್ ಸಂಪರ್ಕದಲ್ಲಿ ಹೊರತು ಮಾತನಾಡವು. ಅದು ಸಾಧುವಾದ ನಿಯಮವೇ ಆದರೂ ಊನೊವಿನ ಪಾಲಿಗೆ ಬಾಗಿಲು ಮುಚ್ಚಿದಂತೆಯೇ ಸರಿ. ಟಿಎಲ್‌ಎಸ್‌ನ ಒಂದು ದಾಖಲೆ 16 ಕಿಲೋಬೈಟುಗಳವರೆಗೆ ಬೆಳೆಯಬಹುದಾಗಿದ್ದು, ಪೂರ್ತಿ ಕೈಸೇರುವವರೆಗೆ ಅದರ ಸಾಚಾತನವನ್ನು ಪರೀಕ್ಷಿಸುವಂತಿಲ್ಲ. ಜಗಲಿಯ ಉಪಾಯ ಇಲ್ಲಿ ನಡೆಯದು. ಇಎಸ್‌ಪಿ 8266 ಕೂಡ ಈ ಹೊರೆಗೆ ಬಳಲುತ್ತದೆ. ಥಾಮಸ್ ಪೋರ್ನಿನ್ ಎಂಬವರು ಇಂಥ ಕಿರುಯಂತ್ರಗಳನ್ನು ಮನಸ್ಸಿನಲ್ಲಿಟ್ಟು ಬರೆದ ಬೇರ್‌ಎಸ್‌ಎಸ್‌ಎಲ್ ಲೈಬ್ರರಿಯೂ, ಚಿಕ್ಕ ತುತ್ತುಗಳಲ್ಲಿ ಬಡಿಸೆಂದು ಸರ್ವರನ್ನು ಕೇಳಿಕೊಳ್ಳುವ ಒಪ್ಪಂದವೂ ಅದರ ಕೈ ಹಿಡಿಯುತ್ತವೆ; ಆ ಒಪ್ಪಂದಕ್ಕೆ ಎಲ್ಲ ಸರ್ವರುಗಳೂ ತಲೆದೂಗುವುದಿಲ್ಲ. ಇದರ ಮೇಲೆ ಕಾಲದ ತೊಡಕೊಂದು. ಸರ್ವರಿನ ಪ್ರಮಾಣಪತ್ರ ಇಂಥ ದಿನದಿಂದ ಇಂಥ ದಿನದವರೆಗೆ ಸಲ್ಲುವುದೆಂದಿರುತ್ತದೆ. ಈಗತಾನೇ ಕಣ್ಣುಬಿಟ್ಟ ಬೋರ್ಡಾದರೋ ಇಂದು 1970ರ ಜನವರಿ 1 ಎಂದೇ ನಂಬಿರುತ್ತದೆ. ಪತ್ರವು ಇನ್ನೂ ಹುಟ್ಟಿಯೇ ಇಲ್ಲವೆಂದು ಅದು ತಿರಸ್ಕರಿಸಿದರೆ ತಪ್ಪು ಯಾರದು? ಆದ್ದರಿಂದ ಮೊದಲು ಎನ್‌ಟಿಪಿ ಸರ್ವರಿಗೆ 48 ಬೈಟುಗಳ ಪುಟ್ಟ ಪೊಟ್ಟಣವೊಂದನ್ನು ಕಳುಹಿಸಿ ವೇಳೆ ಕೇಳಬೇಕು. ಅಲ್ಲಿಂದ ಬರುವುದು 1900ರಿಂದ ಎಣಿಸಿದ ಸೆಕೆಂಡುಗಳು. 2,208,988,800ನ್ನು ಕಳೆದರೆ 1970ರ ಲೆಕ್ಕ, ಅದಕ್ಕೆ 19,800ನ್ನು ಕೂಡಿದರೆ ಭಾರತೀಯ ಕಾಲಮಾನ. ಈ ಕಷ್ಟಗಳಿಗೆ ಬೇಸತ್ತು ಪ್ರಮಾಣಪತ್ರವನ್ನು ನೋಡಲೇಬೇಡವೆಂದು ಹೇಳುವ ‘ಸೆಟ್ ಇನ್‌ಸೆಕ್ಯೂರ್’ ಎಂಬ ಒಂದು ಸಾಲಿನ ಪರಿಹಾರ ಮಾದರಿ ಪ್ರೋಗ್ರಾಮುಗಳಲ್ಲಿ ಧಾರಾಳವಾಗಿ ಕಾಣಬರುತ್ತದೆ. ಮಳೆಯ ವಾರ್ತೆಗೆ ಅದರಿಂದ ದೊಡ್ಡ ಹಾನಿಯಿಲ್ಲ. ಮನೆಯ ಬಾಗಿಲ ಬೀಗವನ್ನು ತೆರೆಯುವ ಬೋರ್ಡಿನಲ್ಲಿಯೂ ಅದನ್ನೇ ನಕಲು ಮಾಡುವವರನ್ನು ನಾನು ಕ್ಷಮಿಸಲಾರೆ. ಮೂಲ ಪ್ರಮಾಣಪತ್ರವನ್ನು ಬೋರ್ಡಿನಲ್ಲಿಟ್ಟು ಅದನ್ನು ಬದಲಿಸುವ ದಾರಿಯನ್ನು ಇಡದವರ ಕಥೆಯೂ ಸುಖಾಂತವಲ್ಲ. 2021ರ ಸೆಪ್ಟೆಂಬರ್ 30ರಂದು ಅಂಥದೊಂದು ಮೂಲಪತ್ರದ ಅವಧಿ ಮುಗಿದಾಗ, ಎಷ್ಟೋ ಹಳೆಯ ಉಪಕರಣಗಳು ತಮ್ಮ ತಪ್ಪೇನೆಂದು ತಿಳಿಯದೆಯೇ ಮೂಕವಾದವು.

ಪ್ರಶ್ನೆ ಕೇಳುವವನಿಗೆ ವಿನಯವೂ ಬೇಕು. 2003ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಆವರಣದಲ್ಲಿದ್ದ ಎನ್‌ಟಿಪಿ ಸರ್ವರಿನ ಮೇಲೆ, ಎಲ್ಲಿಂದಲೋ ಸೆಕೆಂಡಿಗೆ ಎರಡೂವರೆ ಲಕ್ಷದವರೆಗೆ ಪೊಟ್ಟಣಗಳು ಮಳೆಗರೆಯತೊಡಗಿದುವು. ಹಿಂದಿದ್ದವರು ದಾಳಿಕಾರರಲ್ಲ; ನೆಟ್‌ಗಿಯರ್ ಕಂಪೆನಿಯ ಮನೆಬಳಕೆಯ ರೌಟರುಗಳು. ಆ ಸರ್ವರಿನ ಅಂಕಿವಿಳಾಸ ಅವುಗಳ ಒಳಗೇ ಕೆತ್ತಿದಂತೆ ಕುಳಿತಿತ್ತು. ಉತ್ತರ ಬಾರದಿದ್ದರೆ ಸೆಕೆಂಡಿಗೊಮ್ಮೆ ಮತ್ತೆ ಕೇಳಬೇಕೆಂಬುದು ಅವುಗಳಿಗೆ ಕಲಿಸಿದ ಪಾಠ. ಒಂದೊಂದರ ಪ್ರಶ್ನೆ ಅತ್ಯಲ್ಪ. ಲಕ್ಷಾಂತರ ಅಲ್ಪಗಳು ಸೇರಿ ಪ್ರವಾಹವಾಯಿತು. ಉತ್ತರ ಬಾರದಿದ್ದರೆ ಕಾಯುವ ಅವಧಿಯನ್ನು ಪ್ರತಿ ಸಲವೂ ಇಮ್ಮಡಿಸುತ್ತ ಹೋಗುವುದೂ, ಅದಕ್ಕೆ ತುಸು ಯಾದೃಚ್ಛಿಕ ಅಂತರವನ್ನು ಬೆರೆಸುವುದೂ, ‘429’ ಎಂಬ ಸಂಖ್ಯೆಯನ್ನು ಸರ್ವರು ಹೇಳಿದರೆ ಕೇಳಿದ್ದು ಅತಿಯಾಯಿತೆಂದು ಅರಿತು ಸುಮ್ಮನಾಗುವುದೂ ಸಭ್ಯರ ನಡತೆ. ಮಳೆಯ ಮುನ್ಸೂಚನೆಯೇ ಗಂಟೆಗಟ್ಟಲೆ ಬದಲಾಗದಿರುವಾಗ ನಿಮಿಷಕ್ಕೊಮ್ಮೆ ಕದ ತಟ್ಟುವುದೇಕೆ?

ಕನ್ನಡದ ಪ್ರಸ್ತಾಪಕ್ಕೆ ಬರುತ್ತೇನೆ. ಯುಟಿಎಫ್-8 ಲೇಖನದಲ್ಲಿ ನಮ್ಮ ಲಿಪಿಯ ಒಂದೊಂದು ಸಂಕೇತಕ್ಕೂ ಮೂರು ಬೈಟು. ಬೆಂಗಳೂರು ಎಂಬ ಹೆಸರು ಸ್ವರಚಿಹ್ನೆ, ಅನುಸ್ವಾರಗಳನ್ನು ಕೂಡಿ ಎಂಟು ಸಂಕೇತಗಳಾಗಿ 24 ಬೈಟುಗಳನ್ನು ಹಿಡಿಯುತ್ತದೆ. ಅದನ್ನೇ ಪ್ರಶ್ನೆಯ ವಿಳಾಸದೊಳಗೆ ಇಡಬೇಕಾದರೆ ಪ್ರತಿ ಬೈಟೂ ಶೇಕಡಾ ಚಿಹ್ನೆಯನ್ನು ಹೊತ್ತು ಮೂರಾಗಿ, ಒಟ್ಟು 72 ಆಗುತ್ತದೆ. ಇದನ್ನಾದರೂ ಸಹಿಸಬಹುದು. ಬಂದ ಕನ್ನಡವನ್ನು ತೋರಿಸುವುದು ಅದಕ್ಕಿಂತ ಕಠಿಣ. ಅಕ್ಷರವೊಂದಕ್ಕೆ ಚಿತ್ರವೊಂದು ಎಂಬ ಲೆಕ್ಕದಲ್ಲಿ ಸಾಲಾಗಿ ಬಿಡಿಸುತ್ತ ಹೋಗುವ ಬೋರ್ಡಿನ ಸರಳ ಲೈಬ್ರರಿಗಳಿಗೆ ನಮ್ಮ ಒತ್ತಕ್ಷರಗಳ ಮರ್ಮ ತಿಳಿಯದು. ವರ್ಷ ಎಂಬಲ್ಲಿ ಸ್ಮೃತಿಯಲ್ಲಿ ಮೊದಲು ಬರುವ ರಕಾರವು ಬರಹದಲ್ಲಿ ಷಕಾರವನ್ನು ಮುಂದೆ ಬಿಟ್ಟು ಅರ್ಕಾವೊತ್ತಾಗಿ ಹಿಂದೆ ಕೂರುವುದನ್ನು ಅವು ಹೇಗೆ ಬಲ್ಲವು?

ಇದಕ್ಕೆ ನನಗೆ ಮೆಚ್ಚಿಕೆಯಾದ ದಾರಿಯೆಂದರೆ, ಮನೆಯ ಕಂಪ್ಯೂಟರಿನಲ್ಲಿ ನಾವೇ ಒಂದು ಚಿಕ್ಕ ಸೇವೆಯನ್ನು ನಡೆಸುವುದು. ಟಿಎಲ್‌ಎಸ್‌ನ ಭಾರ, ಜೇಸನ್‌ನ ಜಟಿಲತೆ, ಪ್ರಮಾಣಪತ್ರಗಳ ಆಯುಷ್ಯ, ಇವೆಲ್ಲ ಆ ಕಂಪ್ಯೂಟರಿನ ಪಾಲಿಗಿರಲಿ. ಹಾರ್ಫ್‌ಬಜ್‌ನಂಥ ಲಿಪಿತಜ್ಞ ಲೈಬ್ರರಿಯ ನೆರವಿನಿಂದ ‘ನಾಳೆ ವರ್ಷಧಾರೆ’ ಎಂದು ಅಂದವಾಗಿ ಬರೆದು, ಆ ಬರಹವನ್ನು ಕಪ್ಪುಬಿಳುಪಿನ ಚಿತ್ರವಾಗಿಸಿ, ಹೊರಗಿನವರಿಗೆ ತೆರೆದಿರದ ಮನೆಯ ಜಾಲದೊಳಗೆ, ಹಳೆಯ ಒಂದೇ ಸಾಲಿನ ‘ಗೆಟ್’ಗೆ ಉತ್ತರವಾಗಿ ಅದು ಕೊಡಲಿ. ಹವ್ಯಾಸಿಗಳಿಗೆ ಚಿರಪರಿಚಿತವಾದ, 128 ಅಗಲ 64 ಎತ್ತರದ ಚುಕ್ಕೆಗಳ ಒಎಲ್‌ಇಡಿ ಪರದೆಗೆ ಅಂಥ ಚಿತ್ರ ಸರಿಯಾಗಿ 1,024 ಬೈಟು. ಊನೊವಿನ ಸಂಸಾರದಲ್ಲಿ ಇದು ಅರ್ಧ ಆಸ್ತಿಯೇ ಆಯಿತೆಂದು ಅಂಜಬೇಕಾಗಿಲ್ಲ. ಪರದೆಯ ಎಸ್‌ಎಸ್‌ಡಿ 1306 ಚಿಪ್ಪಿಗೆ ಚಿತ್ರವನ್ನು ಹಿಡಿದಿಟ್ಟುಕೊಳ್ಳಲು ತನ್ನದೇ ಸ್ಮೃತಿಯಿದೆ. ಹದಿನಾರು ಬೈಟು ಬಂದೊಡನೆ ಪರದೆಗೆ ದಾಟಿಸಿ, ಮುಂದಿನ ಹದಿನಾರಕ್ಕೆ ಕೈಯೊಡ್ಡಿದರೆ ಅರವತ್ತನಾಲ್ಕು ಕಂತುಗಳಲ್ಲಿ ಕೆಲಸ ಮುಗಿಯುತ್ತದೆ. ಆ ಚಿಪ್ಪಿನಲ್ಲಿ ಒಂದು ಬೈಟೆಂದರೆ ಅಡ್ಡಲಾಗಿ ಸಾಗುವ ಎಂಟು ಚುಕ್ಕೆಗಳಲ್ಲ, ಮೇಲಿನಿಂದ ಕೆಳಕ್ಕೆ ನಿಂತ ಎಂಟು ಚುಕ್ಕೆಗಳು ಎಂಬುದನ್ನು ಮಾತ್ರ ಸೇವೆಯನ್ನು ಬರೆಯುವಾಗಲೇ ನೆನಪಿಟ್ಟು, ಚುಕ್ಕೆಗಳನ್ನು ಅದೇ ಕ್ರಮದಲ್ಲಿ ಜೋಡಿಸಿ ಕಳುಹಿಸತಕ್ಕದ್ದು.