ಆನೆ ಮತ್ತು ಗಂಡಭೇರುಂಡ

ಮದರಾಸು, ಮೈಸೂರುಗಳ ನಡುವೆ ಬಾಳಿದ ಹೊಸೂರು, ಕೃಷ್ಣಗಿರಿಯ ಕನ್ನಡಿಗರಾದ ನಮಗೆ ಎರಡು ಸೇನಾಲಾಂಛನಗಳು ನೆರೆಯವು: ಮದರಾಸು ರೆಜಿಮೆಂಟಿನ ಆನೆ, ಮೈಸೂರು ಲ್ಯಾನ್ಸರ್ಸ್ ಪಡೆಯ ಗಂಡಭೇರುಂಡ.

ಆನೆಯು 1803ರ ಅಸ್ಸಾಯೆ ಕಾಳಗದ ಗೆಲುವಿಗಾಗಿ ಕಂಪನಿಯವರಿತ್ತ ಬಿರುದು. ಅಲ್ಲಿ ಸೋತ ಮರಾಠರೂ ನಮ್ಮವರೇ. ಗಂಡಭೇರುಂಡವಾದರೋ ನಾಡಿನ ಹಳೆಯ ಕಲ್ಪನೆ. ಬಳ್ಳಿಗಾವೆಯ 1047ರ ಕಂಬದ ಮೇಲೆ ಅದಕ್ಕೆ ಮಾನವದೇಹವಿದೆ. ಸೈನಿಕನ ಬಿಲ್ಲೆಯಲ್ಲಿ ಎರಡು ತಲೆಯ ಹಕ್ಕಿಯಷ್ಟೇ. ದೂರದಿಂದಲೇ ಗುರುತಾಗಬೇಕಾದ ಚಿಹ್ನೆಗೆ ಈ ಮಿತವೇ ಭೂಷಣ. 1918ರಲ್ಲಿ ಹೈಫಾದಲ್ಲಿ ಹೋರಾಡಿದ ಆ ಪಡೆ, 1953ರಲ್ಲಿ ರಚಿತವಾದ 61ನೆಯ ಅಶ್ವದಳದಲ್ಲಿ ಲೀನವಾದರೂ, ಹಕ್ಕಿ ಹೊಸ ಲಾಂಛನದಲ್ಲಿ ಉಳಿಯಿತು.

ರೂಪದಲ್ಲಿ ಭೇರುಂಡವೇ ಮೇಲೆಂದು ನಮ್ಮ ಮತ. ಆದರೆ ಆನೆಯನ್ನು ಪರಕೀಯವೆಂದು ತಳ್ಳಲಾರೆವು. ಕಂಪನಿ ಅಳಿಯಿತು, ಸ್ವತಂತ್ರ ಭಾರತದ ಸೈನಿಕರು ಆನೆಯನ್ನು ತಮ್ಮದಾಗಿಸಿಕೊಂಡರು. ಧರಿಸಿದವರ ನಡತೆಯೇ ಲಾಂಛನಕ್ಕೆ ಭಾಷ್ಯ.